ಮೊದಲು ವಯಸ್ಸು, ಆಮೇಲೆ ಜಾತಿ: ಗಲ್ ಹಕ್ಕಿಯ ಗರಿ ಓದುವ ಬಗೆ

(ಧಾರವಾಡದಲ್ಲಿ ಪಕ್ಷಿವೀಕ್ಷಕರ ಎದುರು ಆಡಿದ ಮಾತುಗಳ ಬರಹ ರೂಪ)

ಕಡಲಿಲ್ಲದ ಊರಿನಲ್ಲಿ ಕುಳಿತು, ಸೀಗಲ್ ಎಂದು ಕರೆಯುವ ಗಲ್ ಹಕ್ಕಿಗಳ ಬಗ್ಗೆ ಒಂದು ತಾಸು ಮಾತನಾಡುವುದಕ್ಕೆ ಸಮರ್ಥನೆ ಬೇಕು. ಕೆಲಗೇರಿ ಕೆರೆಯ ದಂಡೆಯಲ್ಲಾಗಲಿ ಉಣಕಲ್ ಕೆರೆಯ ಏರಿಯ ಮೇಲಾಗಲಿ ನಿಂತು ಗಲ್ ಬರಲೆಂದು ಕಾದರೆ ಇಡೀ ಚಳಿಗಾಲ ಕಾಯಬೇಕಾದೀತು. ಆದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳ ಪಕ್ಷಿವೀಕ್ಷಕರು ಚಳಿಗಾಲದ ಒಂದಲ್ಲ ಒಂದು ಭಾನುವಾರ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಕರಾವಳಿ ಸೇರುತ್ತಾರೆ. ಕಾರವಾರದ ಕಾಳಿ ಅಳಿವೆಯಲ್ಲೋ ತದಡಿಯ ಬಳಿ ಅಘನಾಶಿನಿ ಅಳಿವೆಯಲ್ಲೋ ದೊಡ್ಡ ಗಲ್ ಹಿಂಡೊಂದರ ಎದುರು ನಿಲ್ಲುತ್ತಾರೆ. ಮರಳಿ ಬಂದು ಪಟ್ಟಿ ಬರೆಯುವಾಗ ಅಷ್ಟೂ ಹಕ್ಕಿಗಳನ್ನು ಒಂದೇ ಹೆಸರಿನ ಕೆಳಗೆ ತುಂಬಿಬಿಡುತ್ತಾರೆ. ಒಳನಾಡಿನಲ್ಲಿಯೂ ತುಂಗಭದ್ರಾ ಜಲಾಶಯದಂಥ ದೊಡ್ಡ ನೀರಿನ ಹರವುಗಳ ಮೇಲೆ ಕಂದುತಲೆ ಗಲ್‌ಗಳು ಚಳಿಗಾಲದಲ್ಲಿ ಕಾಣಸಿಗುತ್ತವೆ. ಕಂಡಾಗ ಅವುಗಳನ್ನು ಸರಿಯಾಗಿ ಗುರುತಿಸುವ ಸಿದ್ಧತೆ ನಮ್ಮಲ್ಲಿ ಇರಬೇಕು.

ಈ ವಿಷಯ ನಮ್ಮ ಕಡೆಯವರಿಗೆ ಹತ್ತಿರದ್ದೆನಿಸಲು ಮಾಗಡಿ ಕೆರೆಯೂ ಒಂದು ಕಾರಣ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಈ ಕೆರೆಗೆ ಪ್ರತಿ ಚಳಿಗಾಲ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ಇಲ್ಲಿ ಕುಳಿತವರಲ್ಲಿ ನೋಡದವರು ಕಡಿಮೆ. ಆ ಹೆಬ್ಬಾತುಗಳು ಮರಿ ಮಾಡುವ ಎತ್ತರದ ಸರೋವರಗಳಲ್ಲಿಯೇ, ಉದಾಹರಣೆಗೆ ಸುಮಾರು 4500 ಮೀಟರ್ ಎತ್ತರದಲ್ಲಿರುವ ಲಡಾಖಿನ ತ್ಸೋ ಮೊರಿರಿ ಮತ್ತು ಅದರ ನೆರೆಯ ತ್ಸೋ ಕಾರ್‌ಗಳಲ್ಲಿ, ಕಂದುತಲೆ ಗಲ್ ಕೂಡ ಗೂಡು ಕಟ್ಟುತ್ತದೆ. ಬೇಸಿಗೆಯಲ್ಲಿ ಒಂದೇ ದಂಡೆಯಲ್ಲಿ ಬಾಳಿದ ಎರಡು ಹಕ್ಕಿಗಳಲ್ಲಿ ಒಂದು ನಮ್ಮ ಹೊಲಗಳ ಕಡೆಗೂ ಇನ್ನೊಂದು ಬಹುಮಟ್ಟಿಗೆ ಕರಾವಳಿಗೂ ಇಳಿಯುತ್ತದೆ. 2024ರ ಜನವರಿಯಲ್ಲಿ ಮಾಗಡಿ ಕೆರೆಯೂ ಅಘನಾಶಿನಿ ಅಳಿವೆಯೂ ಒಟ್ಟಿಗೇ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಈ ನಂಟನ್ನು ಯಾರೂ ಎತ್ತಿ ಹೇಳಲಿಲ್ಲ ಎಂಬುದು ನನ್ನ ಸಣ್ಣ ತಕರಾರು.

ನಾನು ಹೇಳಬೇಕೆಂದಿರುವುದು ಮೂಲತಃ ಒಂದೇ ಮಾತು: ಗಲ್ ಎದುರಾದಾಗ ಅದರ ಜಾತಿ ಯಾವುದೆಂದು ಕೇಳುವ ಮೊದಲು ಅದರ ವಯಸ್ಸೆಷ್ಟು ಎಂದು ಕೇಳಬೇಕು. ಹಾವೇರಿಯ ದನದ ಸಂತೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೈಬಣ್ಣ, ಕೋಡು, ನಡಿಗೆಗಳನ್ನು ಆಮೇಲೆ ನೋಡುತ್ತಾನೆ. ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂಬುದು ಇತ್ಯರ್ಥವಾದ ಮೇಲೆಯೇ ಮಿಕ್ಕ ಮಾತು. ಗಲ್‌ಗಳ ಹಲ್ಲು ಇರುವುದು ಅವುಗಳ ಗರಿಯಲ್ಲಿ. ಗಿಣಿ, ಮಿಂಚುಳ್ಳಿ, ಪಿಕಳಾರಗಳಲ್ಲಿ ವಯಸ್ಸು ತಿಳಿಯದಿದ್ದರೂ ಜಾತಿ ಹೇಳಲು ಅಡ್ಡಿಯಿಲ್ಲ, ಗಲ್‌ಗಳಲ್ಲಿ ಹಾಗಲ್ಲ. ಒಂದೇ ಜಾತಿಯ ಒಂದು ವರ್ಷದ ಹಕ್ಕಿಗೂ ನಾಲ್ಕು ವರ್ಷದ ಹಕ್ಕಿಗೂ ಇರುವ ವ್ಯತ್ಯಾಸ ಎಷ್ಟೋ ಸಲ ಬೇರೆ ಬೇರೆ ಜಾತಿಯ ಎರಡು ವಯಸ್ಕ ಹಕ್ಕಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿರುತ್ತದೆ.

ವಯಸ್ಸಿಗೆ ಹೋಗುವ ಮೊದಲು ಹಕ್ಕಿ ಗಲ್ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ನಮ್ಮ ಕೆರೆಗಳಲ್ಲಿ ಗಲ್ ಎಂದು ಹೆಸರಾಗುವ ಹಕ್ಕಿಗಳಲ್ಲಿ ಹೆಚ್ಚಿನವು ರೀವಗಳೇ, ಅಂದರೆ ಟರ್ನ್ ಹಕ್ಕಿಗಳೇ, ಆಗಿರುತ್ತವೆ. ರೀವದ ರೆಕ್ಕೆ ಕಿರಿದು, ಚೂಪು; ಬಾಲ ಕವಲು; ಹಾರುವಾಗ ಕೊಕ್ಕು ನೀರಿನ ಕಡೆ ಬಾಗಿರುತ್ತದೆ; ಬೇಟೆ ಕಂಡೊಡನೆ ಧುಮುಕುತ್ತದೆ ಅಥವಾ ನೀರಿನ ಮೇಲ್ಮೈಯಿಂದ ಹೆಕ್ಕುತ್ತದೆ. ಗಲ್‌ನ ರೆಕ್ಕೆ ಅಗಲ, ಬಾಲದ ತುದಿ ದುಂಡಗೆ ಅಥವಾ ನೇರ, ಮೈ ದಪ್ಪ. ಅದು ನಿರಾಳವಾಗಿ ನೀರಿನ ಮೇಲೆ ಕುಳಿತು ತೇಲುತ್ತದೆ, ದಂಡೆಯ ಮೇಲೆ ಕಾಗೆಯಷ್ಟೇ ಸಲೀಸಾಗಿ ನಡೆದಾಡುತ್ತದೆ. ಇವೆರಡರ ನಡುವೆ ಹೆಚ್ಚು ಗೊಂದಲ ಹುಟ್ಟಿಸುವುದು ಗಲ್-ಕೊಕ್ಕಿನ ರೀವ. ಅದರ ಕೊಕ್ಕು ಗಿಡ್ಡ, ದಪ್ಪ, ಪೂರ್ತಿ ಕಪ್ಪು. ಚಳಿಗಾಲದಲ್ಲಿ ಬಿಳಿಯ ತಲೆಯ ಮೇಲೆ ಕಣ್ಣಿನ ಹಿಂದೆ ಕಪ್ಪು ಗುರುತು ಉಳಿದಿರುತ್ತದೆ. ಕಾಲೂ ಕಪ್ಪು. ಕೊಕ್ಕು ಮತ್ತು ಕಾಲು ಎರಡೂ ಅಚ್ಚ ಕಪ್ಪಾಗಿದ್ದರೆ ನಮ್ಮ ಭಾಗದಲ್ಲಿ ಆ ಹಕ್ಕಿ ರೀವವೆಂದು ಹೆಚ್ಚು ಹಿಂಜರಿಯದೆ ಹೇಳಬಹುದು.

ಇನ್ನು ಗರಿಗಳ ವಿಚಾರ. ಗಲ್ ಕುಳಿತಾಗ ನಾವು ನೋಡಬೇಕಾದ ಭಾಗಗಳು ನಾಲ್ಕೈದು: ಬೆನ್ನು ಮತ್ತು ಹೆಗಲಿನ ಗರಿ, ಮಡಿಸಿದ ರೆಕ್ಕೆಯ ಮೇಲೆ ಸಾಲುಸಾಲಾಗಿ ಹೊದ್ದಿರುವ ಹೊದಿಕೆಗರಿ, ಅವುಗಳ ಹಿಂದೆ, ಬೆನ್ನಿಗೆ ಹತ್ತಿರವಾಗಿ ಕೂತಿರುವ ದೊಡ್ಡ ಒಳರೆಕ್ಕೆ ಗರಿಗಳು, ಅಂದರೆ ಟರ್ಷಿಯಲ್‌ಗಳು, ಬಾಲದಾಚೆ ಚಾಚಿಕೊಂಡಿರುವ ಹೊರ ಹಾರುಗರಿಗಳ ತುದಿ, ಮತ್ತು ಬಾಲ. ಹಾರುವ ಹಕ್ಕಿಯಲ್ಲಿ ಹೊರ ಹಾರುಗರಿಗಳು ಹತ್ತು ಕಾಣುತ್ತವೆ. ಅವುಗಳನ್ನು ಒಳಗಿನಿಂದ ಹೊರಕ್ಕೆ ಎಣಿಸುವುದು ವಾಡಿಕೆ. ಅತ್ಯಂತ ಹೊರಗಿನದು ಹತ್ತನೆಯದು. ಗರಿಯಲ್ಲದ ಮೂರು ಭಾಗಗಳು ಗರಿಯಷ್ಟೇ ಮುಖ್ಯ: ಕೊಕ್ಕು, ಕಾಲು, ಕಣ್ಣು. ಹಲವು ಗಲ್‌ಗಳಲ್ಲಿ ಈ ಮೂರರ ಬಣ್ಣವೂ ವಯಸ್ಸಿನೊಂದಿಗೆ ಬದಲಾಗುತ್ತದೆ, ಮತ್ತು ಮೂರೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ.

ಗೂಡು ಬಿಟ್ಟ ಮರಿಯ ಮೈಮೇಲೆ ಕಂದು ಬಣ್ಣದ, ಅಂಚಿನಲ್ಲಿ ತಿಳಿಯಾದ ಮೊದಲ ಗರಿಗಳಿರುತ್ತವೆ. ಕೆಲವೇ ವಾರಗಳಲ್ಲಿ ಅದು ತಲೆ, ಮೈ ಮತ್ತು ಬೆನ್ನಿನ ಗರಿಗಳನ್ನು ಉದುರಿಸಿ ಹೊಸದನ್ನು ತೊಡುತ್ತದೆ. ಹಾರುಗರಿ, ಬಾಲದ ಗರಿ ಮತ್ತು ಹೊದಿಕೆಗರಿಗಳಲ್ಲಿ ಬಹುಪಾಲು ಹಾಗೆಯೇ ಉಳಿಯುತ್ತವೆ. ಇದು ಭಾಗಶಃ ಗರಿಬದಲು. ಆ ಉಡುಪಿನಲ್ಲಿರುವ ಹಕ್ಕಿಯನ್ನು ಮೊದಲ ಚಳಿಗಾಲದ ಹಕ್ಕಿ ಎನ್ನುತ್ತೇವೆ. ಮುಂದಿನ ಬೇಸಿಗೆಯ ಆಸುಪಾಸು ಹಾರುಗರಿಗಳೂ ಸೇರಿ ಎಲ್ಲ ಗರಿಗಳನ್ನು ಬದಲಿಸಿಕೊಂಡು ಅದು ಎರಡನೆಯ ಚಳಿಗಾಲದ ಉಡುಪಿಗೆ ಬರುತ್ತದೆ. ಚಿಕ್ಕ ಗಲ್‌ಗಳು ಈ ಹಂತದಲ್ಲಿಯೇ ಹೆಚ್ಚುಕಡಿಮೆ ವಯಸ್ಕರಂತೆ ಕಾಣತೊಡಗುತ್ತವೆ. ದೊಡ್ಡ ಗಲ್‌ಗಳಿಗೆ ಅಲ್ಲಿಗೆ ತಲುಪಲು ಮೂರನೆಯ, ನಾಲ್ಕನೆಯ ಚಳಿಗಾಲ ಬೇಕು. ಆದ್ದರಿಂದ ಗಾತ್ರದಲ್ಲಿ ಚಿಕ್ಕದಾದ ಗಲ್‌ನಲ್ಲಿ ಕಲಿಯಬೇಕಾದ ಚಳಿಗಾಲದ ಉಡುಪುಗಳು ಎರಡು, ದೊಡ್ಡದರಲ್ಲಿ ನಾಲ್ಕು.

ವಯಸ್ಕ ಹಕ್ಕಿಗೆ ವರ್ಷಕ್ಕೆ ಎರಡು ಸಲ ಗರಿಬದಲು. ಮರಿ ಮಾಡಿ ಮುಗಿದ ಮೇಲೆ ಪೂರ್ಣ ಬದಲು. ಚಳಿಗಾಲ ಮುಗಿಯುವ ಹೊತ್ತಿಗೆ ತಲೆ ಮತ್ತು ಮೈಗರಿಗಳದು ಮಾತ್ರ. ನಾವು ನವೆಂಬರಿನಿಂದ ಜನವರಿಯವರೆಗೆ ನೋಡುವ ಕಂದುತಲೆ ಗಲ್‌ಗೆ ಕಂದುತಲೆ ಇರುವುದಿಲ್ಲ, ಕಪ್ಪುತಲೆ ಗಲ್‌ಗೆ ಕಪ್ಪುತಲೆ ಇರುವುದಿಲ್ಲ. ಎರಡರದೂ ಬಿಳಿತಲೆ, ಕಣ್ಣಿನ ಹಿಂದೆ ಕಿವಿಯ ಜಾಗದಲ್ಲಿ ಒಂದು ಮಸಿಚುಕ್ಕೆ. ಮಾರ್ಚ್ ಹೊತ್ತಿಗೆ, ಹೊರಡುವ ಮುನ್ನ, ತಲೆ ಬಣ್ಣ ತುಂಬಿಕೊಳ್ಳುತ್ತದೆ. ಕಪ್ಪುತಲೆ ಗಲ್‌ನ ತಲೆಯೂ ಆಗ ಕಾಫಿ ಕಂದು ಬಣ್ಣದ್ದೇ ಹೊರತು ಕಪ್ಪಲ್ಲ. ಹೆಸರನ್ನು ನಂಬಿ ಗುರುತಿಸಹೊರಟವರಿಗೆ ಈ ಎರಡು ಹಕ್ಕಿಗಳು ಯಾವ ತಿಂಗಳಲ್ಲಿಯೂ ಸಹಕರಿಸುವುದಿಲ್ಲ.

ಹಾಗಾದರೆ ಯಾವುದನ್ನು ನಂಬಬೇಕು? ರೆಕ್ಕೆಯ ತುದಿಯನ್ನು. ಕಪ್ಪುತಲೆ ಗಲ್ ಅನ್ನು 1766ರಲ್ಲಿ ಸ್ವೀಡನ್ನಿನ ನಿಸರ್ಗವಿಜ್ಞಾನಿ ಲಿನೇಯಸ್ ವಿವರಿಸಿದ. ಕಂದುತಲೆ ಗಲ್ ಅನ್ನು ಭಾರತದಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡಾನ್ 1840ರಲ್ಲಿ ವಿವರಿಸಿದ. ಇವೆರಡೂ ಹತ್ತಿರದ ಸಂಬಂಧಿಗಳು, ಕರಾವಳಿಯಲ್ಲಿ ಒಂದೇ ಹಿಂಡಿನಲ್ಲಿ ಬೆರೆತು ಕೂರುತ್ತವೆ. ವಯಸ್ಕ ಕಪ್ಪುತಲೆ ಗಲ್ ಹಾರುವಾಗ ರೆಕ್ಕೆಯ ಮುಂಭಾಗದ ಅಂಚಿನಲ್ಲಿ ಮಣಿಕಟ್ಟಿನಿಂದ ತುದಿಯವರೆಗೆ ಉದ್ದನೆಯ ಬಿಳಿ ಬೆಣೆಯೊಂದು ಹೊಳೆಯುತ್ತದೆ; ಕಪ್ಪು ಇರುವುದು ಆ ಗರಿಗಳ ತುದಿಯಲ್ಲಿ, ಹಿಂದಿನ ಅಂಚಿನ ಗುಂಟ, ಸಣ್ಣ ಗೆರೆಯಷ್ಟೇ. ವಯಸ್ಕ ಕಂದುತಲೆ ಗಲ್‌ನಲ್ಲಿ ಇದು ತಿರುವುಮುರುವು: ರೆಕ್ಕೆತುದಿಯಲ್ಲಿ ದೊಡ್ಡ ಕಪ್ಪು ತ್ರಿಕೋನ, ಆ ಕಪ್ಪಿನೊಳಗೆ ಹೊರಗಿನ ಎರಡು ಹಾರುಗರಿಗಳ ಮೇಲೆ ಬಿಳಿಯ ಚುಕ್ಕೆಗಳು. ಈ ಚುಕ್ಕೆಗಳಿಗೆ ಪಕ್ಷಿವೀಕ್ಷಕರು ಮಿರರ್ ಎನ್ನುತ್ತಾರೆ. ಕಪ್ಪಿನ ಒಳಬದಿಯಲ್ಲಿ, ಮಣಿಕಟ್ಟಿನ ಕಡೆಗೆ, ಅಗಲವಾದ ಬಿಳಿ ಪಟ್ಟೆ ಇರುತ್ತದೆ. ರೆಕ್ಕೆಯ ಅಡಿಭಾಗ ನೋಡಲು ಸಿಕ್ಕರಂತೂ ಸಂಶಯಕ್ಕೆ ಎಡೆಯೇ ಇಲ್ಲ: ಕಂದುತಲೆಯದರ ತುದಿ ಕೆಳಗಿನಿಂದಲೂ ಕಪ್ಪು, ಮಿರರ್‌ಗಳು ಅಲ್ಲಿಯೂ ಕಾಣುತ್ತವೆ, ಕಪ್ಪುತಲೆಯದರ ಹೊರಗರಿ ಬಿಳಿ, ಅದರ ಹಿಂದೆ ಬೂದು ಕಪ್ಪಿನ ಮಬ್ಬು.

ಹಕ್ಕಿ ಕುಳಿತೇ ಇದ್ದರೆ ಕಣ್ಣು ನೋಡಿ. ವಯಸ್ಕ ಕಂದುತಲೆ ಗಲ್‌ನ ಕಣ್ಣು ತಿಳಿಯಾದದ್ದು, ಬಿಳಿ ಹಳದಿಗೆ ತಿರುಗಿದ್ದು. ಅದರಿಂದ ಮುಖಕ್ಕೆ ಗದರುವಂಥ ನೋಟ ಬರುತ್ತದೆ. ಕಪ್ಪುತಲೆಯದರ ಕಣ್ಣು ಯಾವ ವಯಸ್ಸಿನಲ್ಲಿಯೂ ಗಾಢ ಕಂದು. ಕಂದುತಲೆಯ ಕೊಕ್ಕು ತುಸು ದಪ್ಪ, ತಲೆ ತುಸು ದೊಡ್ಡದು, ಇಡೀ ಹಕ್ಕಿಯೇ ಒಂದು ಸುತ್ತು ದೊಡ್ಡದು. ಆದರೆ ಗಾತ್ರವನ್ನು ನಾನು ಕೊನೆಯ ಸಾಕ್ಷಿಯಾಗಿಯೇ ಇಟ್ಟುಕೊಳ್ಳುತ್ತೇನೆ. ಗಲ್‌ಗಳಲ್ಲಿ ಗಂಡು ಹೆಣ್ಣಿಗಿಂತ ದೊಡ್ಡದು. ಚಿಕ್ಕ ಹೆಣ್ಣು ಕಂದುತಲೆಯ ಪಕ್ಕದಲ್ಲಿ ದೊಡ್ಡ ಗಂಡು ಕಪ್ಪುತಲೆ ನಿಂತರೆ ಗಾತ್ರದ ಸೂತ್ರ ಕೈಕೊಡುತ್ತದೆ.

ಇಷ್ಟನ್ನು ಓದಿಕೊಂಡು ಹೋದವರು ಅಳಿವೆಯಲ್ಲಿ ಮೊದಲು ಎಡವುವುದು ಎಲ್ಲಿ ಎಂದರೆ, ಮಿರರ್ ಇಲ್ಲದ, ಕಪ್ಪು ಕಣ್ಣಿನ ಕಂದುತಲೆ ಗಲ್ ಎದುರಾದಾಗ. ಅದು ಮೊದಲ ಚಳಿಗಾಲದ ಹಕ್ಕಿ. ವಯಸ್ಕರ ಲಕ್ಷಣಗಳನ್ನೇ ಹುಡುಕುವವನಿಗೆ ಅದರಲ್ಲಿ ಮಿರರ್ ಸಿಗುವುದಿಲ್ಲ, ತಿಳಿಗಣ್ಣು ಸಿಗುವುದಿಲ್ಲ; ಹಾಗಾಗಿ ಅದನ್ನು ಕಪ್ಪುತಲೆ ಎಂದು ಬರೆದುಬಿಡುತ್ತಾನೆ. ನಮ್ಮ ಕರಾವಳಿಯ ಕಪ್ಪುತಲೆ ಗಲ್ ದಾಖಲೆಗಳಲ್ಲಿ ಒಂದಷ್ಟು ಪಾಲು ಹೀಗೆ ಹುಟ್ಟಿದ್ದು ಎಂಬ ಅನುಮಾನ ನನಗಿದೆ.

ಪರದೆಯ ಮೇಲಿರುವ ಈ ಹಕ್ಕಿಯನ್ನು ಗಮನಿಸಿ. ಅಳಿವೆಯ ಕೆಸರು ದಿಬ್ಬದ ಮೇಲೆ, ಇಳಿತದ ಹೊತ್ತಿನಲ್ಲಿ, ಬದಿಗೆ ತಿರುಗಿ ನಿಂತಿದೆ. ಬೆನ್ನು ಸ್ವಚ್ಛವಾದ ತಿಳಿಬೂದು. ಅಲ್ಲಿಯ ಮರಿಗರಿಗಳೆಲ್ಲ ಉದುರಿ ಹೊಸದು ಬಂದಿದೆ. ಆದರೆ ಅದರ ಕೆಳಗೆ ಮಡಿಸಿದ ರೆಕ್ಕೆಯ ಹೊದಿಕೆಗರಿಗಳಲ್ಲಿ ಕಂದು ಬಣ್ಣ ಓರೆಯಾಗಿ ಹಾದುಹೋಗಿದೆ, ಹಾರಿದಾಗ ಇದೇ ಮೊಣಕೈಯಿಂದ ಮಣಿಕಟ್ಟಿನವರೆಗಿನ ಕಂದು ಪಟ್ಟೆಯಾಗಿ ಕಾಣುತ್ತದೆ. ಟರ್ಷಿಯಲ್‌ಗಳ ನಡುವೆ ಗಾಢ ಕಂದು, ಅಂಚಿನಲ್ಲಿ ಬಿಳಿಚಿದ ಗೆರೆ. ಆ ಗೆರೆ ಅಲ್ಲಲ್ಲಿ ಸವೆದು ಹಲ್ಲುಹಲ್ಲಾಗಿದೆ. ಕೊಕ್ಕಿನ ಬುಡ ಮಾಸಿದ ಕಿತ್ತಳೆ, ತುದಿ ಕಪ್ಪು. ಕಾಲಿಗೂ ವಯಸ್ಕರ ಕೆಂಪು ಇನ್ನೂ ಬಂದಿಲ್ಲ. ಕಣ್ಣು ಗಾಢ. ಬಾಲದ ತುದಿಗೆ ಕಪ್ಪು ಪಟ್ಟಿ. ಇಷ್ಟರಿಂದ ವಯಸ್ಸು ಇತ್ಯರ್ಥವಾಯಿತು: ಕಳೆದ ಬೇಸಿಗೆಯಲ್ಲಿ ಮೊಟ್ಟೆಯೊಡೆದದ್ದು. ಈಗ ಮಾತ್ರ ಜಾತಿಯ ಪ್ರಶ್ನೆ. ಮೊದಲ ಚಳಿಗಾಲದ ಕಪ್ಪುತಲೆಯಲ್ಲಿಯೂ ಬಾಲದ ಪಟ್ಟಿ, ಕಂದು ಹೊದಿಕೆ, ಗಾಢ ಕಣ್ಣು, ಮಾಸಿದ ಕಾಲು ಎಲ್ಲವೂ ಇರುತ್ತವೆ. ಅವು ಯಾವುವೂ ಇಲ್ಲಿ ಉಪಯೋಗಕ್ಕಿಲ್ಲ. ಮುಂದಿನ ಚಿತ್ರದಲ್ಲಿ ಅದೇ ಹಕ್ಕಿ ರೆಕ್ಕೆ ಬಿಚ್ಚಿದೆ. ಹೊರ ಹಾರುಗರಿಗಳ ತುದಿಯರ್ಧ ಪೂರ್ತಿ ಕಪ್ಪು, ಚುಕ್ಕೆಯ ಸುಳಿವಿಲ್ಲ. ಬಿಳಿ ಇರುವುದು ಬುಡದ ಕಡೆಗೆ ಒಂದು ತೇಪೆಯಾಗಿ. ಕಪ್ಪುತಲೆಯ ಮರಿಯಾಗಿದ್ದರೆ, ಕಪ್ಪು ಗೆರೆಗಳು ಅಲ್ಲಲ್ಲಿ ಹಾದಿದ್ದರೂ, ಬಿಳಿ ಬೆಣೆ ರೆಕ್ಕೆಯ ಮುಂಅಂಚಿನ ಗುಂಟ ತುದಿಯ ಸಮೀಪದವರೆಗೂ ಓಡುತ್ತಿತ್ತು. ಇದು ಕಂದುತಲೆ ಗಲ್, ಮೊದಲ ಚಳಿಗಾಲ.

ಎರಡನೆಯ ಚಳಿಗಾಲದ ಕಂದುತಲೆ ಗಲ್ ವಯಸ್ಕರನ್ನೇ ಹೋಲುತ್ತದೆ, ಮಿರರ್‌ಗಳು ಮಾತ್ರ ಚಿಕ್ಕವು. ಅಕ್ಟೋಬರ್-ನವೆಂಬರಿನಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಹಾರುಗರಿಗಳ ಬದಲು ಒಳಗಿನ ಮೊದಲನೆಯದರಿಂದ ಶುರುವಾಗಿ ಹೊರಗೆ ಸಾಗುವುದರಿಂದ ಒಂಬತ್ತು, ಹತ್ತನೆಯ ಗರಿಗಳು ಕೊನೆಗೆ ಬರುತ್ತವೆ. ಮಿರರ್‌ಗಳು ಇರುವುದು ಅವುಗಳ ಮೇಲೆಯೇ. ಅವು ಅರ್ಧ ಬೆಳೆದಿರುವಾಗ ವಯಸ್ಕ ಹಕ್ಕಿಯ ರೆಕ್ಕೆತುದಿ ಮೊಂಡಾಗಿ ಕಾಣುತ್ತದೆ, ಮಿರರ್‌ಗಳು ಪಕ್ಕದ ಗರಿಗಳ ಮರೆಯಲ್ಲಿರುತ್ತವೆ. ಇಂಥ ಹಕ್ಕಿಯಲ್ಲಿ ಹೊದಿಕೆಗರಿಯ ಸ್ವಚ್ಛ ಬೂದುಬಣ್ಣವೂ ಪಟ್ಟಿಯಿಲ್ಲದ ಬಾಲವೂ ವಯಸ್ಸು ಹೇಳಲು ಸಾಕು.

ಚಿಕ್ಕ ಗಲ್‌ಗಳಲ್ಲಿ ಮೂರನೆಯದು ನೀಳಕೊಕ್ಕಿನ ಗಲ್. ಅದು ಗುಜರಾತಿನ ಕರಾವಳಿಯಲ್ಲಿ ಹೇರಳ, ನಮ್ಮ ಕಡೆ ಕಡಿಮೆ. ಇಳಿಜಾರಾದ ಹಣೆ, ಉದ್ದನೆಯ ಕೊಕ್ಕು, ಕಿವಿಚುಕ್ಕೆ ಇಲ್ಲದ ಅಥವಾ ತೀರ ಮಸುಕಾಗಿರುವ ಬಿಳಿತಲೆ. ಬೇಸಿಗೆಯಲ್ಲಿಯೂ ತಲೆಗೆ ಬಣ್ಣವೇರುವುದಿಲ್ಲ. ಒಮ್ಮೆ ನೋಡಿದವರಿಗೆ ಅದರ ಮುಖದ ಆಕಾರವೇ ಗುರುತಾಗಿ ಉಳಿಯುತ್ತದೆ.

ಪಲ್ಲಾಸ್ ಗಲ್ ಹಿಂಡಿನಲ್ಲಿ ಒಂದೇ ಒಂದಿದ್ದರೂ ಕಣ್ಣಿಗೆ ಬೀಳುವ ಹಕ್ಕಿ. ನಿಸರ್ಗವಿಜ್ಞಾನಿ ಪೀಟರ್ ಸೈಮನ್ ಪಲ್ಲಾಸ್ 1773ರಲ್ಲಿ ವಿವರಿಸಿದ ಇದು ಜಗತ್ತಿನ ಅತಿ ದೊಡ್ಡ ಗಲ್‌ಗಳಲ್ಲಿ ಒಂದು. ವಯಸ್ಕ ಹಕ್ಕಿಯ ಹಳದಿ ಕೊಕ್ಕಿನ ತುದಿಯ ಬಳಿ ಕಪ್ಪು ಪಟ್ಟಿಯೂ ಕೆಂಪೂ ಇರುತ್ತವೆ. ಚಳಿಗಾಲದಲ್ಲಿ ಕಣ್ಣಿನ ಸುತ್ತ ಮತ್ತು ಹಿಂದೆ ಮಸಿ ಬಳಿದಂತಿರುತ್ತದೆ, ಕಣ್ಣಿನ ಮೇಲೂ ಕೆಳಗೂ ಬಿಳಿಯ ಅರ್ಧಚಂದ್ರ. ಇದರ ತಲೆ ಉಳಿದ ಗಲ್‌ಗಳಿಗಿಂತ ಬೇಗ, ಜನವರಿ-ಫೆಬ್ರುವರಿಯ ಹೊತ್ತಿಗೇ, ಅಚ್ಚ ಕಪ್ಪಾಗತೊಡಗುತ್ತದೆ. ವಯಸ್ಸು ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಬಹುಪಾಲು ದೊಡ್ಡ ಗಲ್‌ಗಳು ಮೊದಲ ಚಳಿಗಾಲವಿಡೀ ಕಂದಾಗಿಯೇ ಕಳೆದರೆ, ಪಲ್ಲಾಸ್ ಗಲ್‌ನ ಬೆನ್ನು ಮೊದಲ ಚಳಿಗಾಲದಲ್ಲಿಯೇ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬೂದು ಬೆನ್ನು ಕಂಡು ಹಕ್ಕಿಗೆ ಎರಡು ಮೂರು ವರ್ಷವಾಗಿದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕತ್ತಿನ ಹಿಂಬದಿಯ ಕಂದು ಮಚ್ಚೆ, ಕಂದು ಹೊದಿಕೆಗರಿ, ಬಿಳಿಯ ಬಾಲದ ಮೇಲೆ ಸ್ಕೇಲು ಹಿಡಿದು ಎಳೆದಂಥ ಅಗಲ ಕಪ್ಪು ಪಟ್ಟಿಗಳನ್ನು ಸೇರಿಸಿ ನೋಡಬೇಕು. ಎರಡನೆಯ ಚಳಿಗಾಲದಲ್ಲಿ ಹೊದಿಕೆಗರಿಯೂ ಬೂದಾಗುತ್ತದೆ, ಬಾಲದ ಪಟ್ಟಿ ಕಿರಿದಾಗುತ್ತದೆ. ಮೂರನೆಯದರಲ್ಲಿ ರೆಕ್ಕೆತುದಿಯ ಕಪ್ಪು ವಯಸ್ಕರಿಗಿಂತ ಹೆಚ್ಚಾಗಿರುವುದು, ಬಾಲದಲ್ಲಿ ಒಂದೆರಡು ಗುರುತು ಉಳಿದಿರುವುದು ಬಿಟ್ಟರೆ ಬೇರೆ ಭೇದ ಕಾಣುವುದು ಕಷ್ಟ.

ಇಲ್ಲಿಯವರೆಗಿನ ದಾರಿ ಸಮತಟ್ಟು. ಮುಂದಿನದು ಕಡಿದು: ಬಿಳಿತಲೆಯ ದೊಡ್ಡ ಗಲ್‌ಗಳು. ನಮ್ಮ ಕರಾವಳಿಗೆ ಬರುವ ಇವುಗಳಲ್ಲಿ ಮುಖ್ಯವಾದವು ಹ್ಯೂಗ್ಲಿನ್ ಗಲ್ ಮತ್ತು ಸ್ಟೆಪ್ ಗಲ್. ಹ್ಯೂಗ್ಲಿನ್ ರಷ್ಯಾದ ಉತ್ತರದ ತಂಡ್ರಾದಲ್ಲಿ ಮರಿ ಮಾಡುತ್ತದೆ. ಸ್ಟೆಪ್ ಗಲ್ ನೈಋತ್ಯ ಸೈಬೀರಿಯ ಮತ್ತು ಉತ್ತರ ಕಝಾಕಸ್ತಾನದ ಸರೋವರಗಳಲ್ಲಿ. ಇವೆರಡನ್ನೂ ಈಗ ಹೆಚ್ಚಿನ ಪಟ್ಟಿಗಳು ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್‌ನ ಉಪಜಾತಿಗಳೆಂದೇ ಎಣಿಸುತ್ತವೆ. ವಯಸ್ಕ ಹ್ಯೂಗ್ಲಿನ್‌ನ ಬೆನ್ನು ಸ್ಲೇಟಿನಷ್ಟು ಗಾಢ ಬೂದು, ಸ್ಟೆಪ್ ಗಲ್‌ನದು ಅದಕ್ಕಿಂತ ತಿಳಿ. ಎರಡಕ್ಕೂ ಹಳದಿ ಕಾಲು, ಹಳದಿ ಕೊಕ್ಕು, ಕೆಳಕೊಕ್ಕಿನ ಮೇಲೆ ಕೆಂಪು ಚುಕ್ಕೆ. ಅಕ್ಕಪಕ್ಕ ನಿಂತ ಎರಡು ವಯಸ್ಕ ಹಕ್ಕಿಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಿದರೆ ಬೇರ್ಪಡಿಸಬಹುದು. ಒಂದೇ ಹಕ್ಕಿ ಸಿಕ್ಕಾಗ ಹೋಲಿಸಲು ಬೇರೇನೂ ಇಲ್ಲದೆ ಗಾಢ ಯಾವುದು, ತಿಳಿ ಯಾವುದು ಎನ್ನುವುದು ನೋಡುವವನ ಮನಸ್ಸಿನ ಮಾತಾಗುತ್ತದೆ.

ಈ ಕಾರಣಕ್ಕೇ ಗಲ್ ಅಭ್ಯಾಸಿಗಳು ಬೆನ್ನಿನ ಬೂದನ್ನು ಅಳೆಯಲು ಕೊಡಾಕ್ ಗ್ರೇ ಸ್ಕೇಲನ್ನು, ಅಂದರೆ ಬಿಳಿಯಿಂದ ಕಪ್ಪಿನವರೆಗಿನ ಬೂದು ಛಾಯೆಗಳಿಗೆ ಸಂಖ್ಯೆ ಕೊಟ್ಟ ಪಟ್ಟಿಯನ್ನು, ಬಳಸುತ್ತ ಬಂದಿದ್ದಾರೆ. ಅದು ಸಂಗ್ರಹಾಲಯದ ಮೇಜಿನ ಮೇಲೆ ಕೊಡುವ ಸಂಖ್ಯೆ ಮಧ್ಯಾಹ್ನದ ಬಿಸಿಲಿನ ಕಾರವಾರ ದಂಡೆಯಲ್ಲಿ ಸಿಗುವುದಿಲ್ಲ. ಬಿಸಿಲಿಗೆ ಬೆನ್ನು ಕೊಟ್ಟ ಹಕ್ಕಿ ಒಂದು ಬಣ್ಣ, ಅದೇ ಹಕ್ಕಿ ಅರ್ಧ ಸುತ್ತು ತಿರುಗಿದರೆ ಇನ್ನೊಂದು ಬಣ್ಣ. ಕ್ಯಾಮೆರಾ ಈ ಭೇದವನ್ನು ಇನ್ನಷ್ಟು ಹಿಗ್ಗಿಸುತ್ತದೆ. ಮೋಡ ಮುಸುಕಿದ ಬೆಳಗಿನ ಹೊತ್ತು, ಒಂದೇ ದಿಕ್ಕಿಗೆ ಮುಖ ಮಾಡಿ ಕುಳಿತ ಹಿಂಡು, ಇವು ಬೂದು ಬಣ್ಣ ಹೋಲಿಸಲು ತಕ್ಕ ಸಂದರ್ಭ. ಗಾಳಿ ಬಲವಾಗಿದ್ದಾಗ ಗಲ್‌ಗಳೆಲ್ಲ ಗಾಳಿಗೆದುರಾಗಿ ಒಂದೇ ಕಡೆ ತಿರುಗಿ ಕೂರುವುದರಿಂದ ಗಾಳಿಯ ದಿನ ಈ ಕೆಲಸಕ್ಕೆ ಅನುಕೂಲ.

ದೊಡ್ಡ ಗಲ್‌ಗಳ ವಯಸ್ಸಿನ ಮೆಟ್ಟಿಲುಗಳು ಹೀಗಿವೆ. ಮೊದಲ ಚಳಿಗಾಲದ ಹಕ್ಕಿ ಮೇಲಿನಿಂದ ಕೆಳಗೆ ಕಂದು, ಕೊಕ್ಕು ಕಪ್ಪು, ಬಾಲದಲ್ಲಿ ಗಾಢ ಪಟ್ಟಿ, ಅದಕ್ಕೆ ತಾಗಿ ಬಿಳಿಯ ಸೊಂಟ. ಎರಡನೆಯದರಲ್ಲಿ ಬೆನ್ನಿನ ಮೇಲೆ ವಯಸ್ಕರ ಬೂದು ಬಣ್ಣದ ಗರಿಗಳು ತೇಪೆ ತೇಪೆಯಾಗಿ ಮೂಡುತ್ತವೆ, ಕೊಕ್ಕಿನ ಬುಡ ತಿಳಿಯಾಗುತ್ತದೆ. ಮೂರನೆಯದರಲ್ಲಿ ಬೆನ್ನು ಮತ್ತು ರೆಕ್ಕೆಯ ಬಹುಭಾಗ ಬೂದು; ಆದರೂ ಕೊಕ್ಕಿನ ಮೇಲೆ ಕಪ್ಪು, ಬಾಲದಲ್ಲಿ ಮಸುಕು ಗುರುತು, ಹೊದಿಕೆಗರಿಯಲ್ಲಿ ಕಂದಿನ ಛಾಯೆ ಉಳಿದಿರುತ್ತವೆ. ನಾಲ್ಕನೆಯದರಲ್ಲಿ ಬಾಯಿಗೂಡಿತು ಎನ್ನಬಹುದು. ಎರಡನೆಯ ಮತ್ತು ಮೂರನೆಯ ಚಳಿಗಾಲಗಳ ನಡುವಿನ ಗಡಿ ಎಲ್ಲ ಹಕ್ಕಿಗಳಲ್ಲಿಯೂ ಒಂದೇ ಕಡೆ ಬೀಳುವುದಿಲ್ಲ. ಕೆಲವು ಹಕ್ಕಿಗಳು ಮುಂದೆ ಓಡುತ್ತವೆ, ಕೆಲವು ಹಿಂದೆ ಉಳಿಯುತ್ತವೆ. ಹಕ್ಕಿ ಮೊದಲ ವರ್ಷದ್ದೋ ಅಲ್ಲವೋ ಎಂಬ ಅನುಮಾನ ಬಂದಾಗ ಹೊರ ಹಾರುಗರಿಯ ತುದಿಯ ಆಕಾರ ನೋಡಬೇಕು. ಮರಿಗಾಲದ ಹಾರುಗರಿಯ ತುದಿ ಮೊನಚು, ಆಮೇಲೆ ಬರುವ ಹಾರುಗರಿಗಳದು ದುಂಡು. ಇದೊಂದರಿಂದ ಮೊದಲ ವರ್ಷದ ಹಕ್ಕಿಯನ್ನು ಉಳಿದವುಗಳಿಂದ ಬಿಡಿಸಬಹುದು.

ಕಂದಾಗಿರುವ ದೊಡ್ಡ ಗಲ್‌ಗಳಲ್ಲಿ ಜಾತಿ ಹೇಳಲು ರೆಕ್ಕೆ ಬಿಚ್ಚಿದ ಚಿತ್ರ ಬೇಕೇ ಬೇಕು. ಹ್ಯೂಗ್ಲಿನ್‌ನಲ್ಲಿ ಒಳಗಿನ ಹಾರುಗರಿಗಳೂ ಹೊರಗಿನವುಗಳಷ್ಟೇ ಗಾಢ; ಸ್ಟೆಪ್ ಗಲ್‌ನಲ್ಲಿ ಅವು ತುಸು ತಿಳಿಯಾಗಿ, ರೆಕ್ಕೆಯ ನಡುವೆ ಮಸುಕಾದ ಕಿಟಕಿಯೊಂದು ತೆರೆದಂತಿರುತ್ತದೆ. ಈ ಕಿಟಕಿಯನ್ನು ಬೈನಾಕ್ಯುಲರಿನಲ್ಲಿ ಒಂದು ಕ್ಷಣ ಕಂಡೆ ಎಂದವರ ಮಾತನ್ನು ದಾಖಲೆಗೆ ತೆಗೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲ ಲಕ್ಷಣಗಳಿಗೂ ಸವೆತ ಎಂಬ ಶತ್ರುವಿದೆ. ಗರಿಯ ಕಪ್ಪು ಮತ್ತು ಕಂದು ಬಣ್ಣಕ್ಕೆ ಕಾರಣವಾದ ಮೆಲನಿನ್ ಗರಿಯನ್ನು ಗಟ್ಟಿಯಾಗಿಯೂ ಇಡುತ್ತದೆ. ಅದಿಲ್ಲದ ಬಿಳಿಯ ಭಾಗ ಬೇಗ ಸವೆಯುತ್ತದೆ. ಡಿಸೆಂಬರಿನಲ್ಲಿ ಹಾರುಗರಿಗಳ ತುದಿಯಲ್ಲಿ ಮಣಿ ಪೋಣಿಸಿದಂತೆ ಕಾಣುವ ಬಿಳಿಚುಕ್ಕೆಗಳು ಏಪ್ರಿಲ್ ಹೊತ್ತಿಗೆ ಉದುರಿ ಹೋಗಿ ರೆಕ್ಕೆತುದಿ ಇಡಿಯಾಗಿ ಕಪ್ಪಾಗಿ ಕಾಣಬಹುದು. ಮೊದಲ ವರ್ಷದ ಹಕ್ಕಿಗಳು ತಮ್ಮ ಮರಿಗಾಲದ ಹಾರುಗರಿ ಮತ್ತು ಹೊದಿಕೆಗರಿಗಳನ್ನು ಮುಂದಿನ ಬೇಸಿಗೆಯವರೆಗೂ ಹೊತ್ತಿರುವುದರಿಂದ ಸವೆತ ಅವುಗಳಲ್ಲಿ ಇನ್ನೂ ಹೆಚ್ಚು. ಏಪ್ರಿಲ್-ಮೇ ತಿಂಗಳಲ್ಲಿ ಉತ್ತರಕ್ಕೆ ಹೋಗದೆ ಕರಾವಳಿಯಲ್ಲಿಯೇ ಉಳಿದ ಎಳೆಯ ಕಂದುತಲೆ ಗಲ್‌ಗಳ ಕಂದು ಹೊದಿಕೆ ಬಿಸಿಲಿಗೆ ಬಿಳಿಚಿ ಕೆನೆಬಣ್ಣಕ್ಕೆ ಬಂದಿರುತ್ತದೆ. ಆಗ ಅವುಗಳನ್ನು ಪುಸ್ತಕದ ಚಿತ್ರದೊಂದಿಗೆ ತಾಳೆ ನೋಡಿದವರು ಹೊಸದೊಂದು ಜಾತಿಯೇ ಸಿಕ್ಕಿತೆಂದು ಸಂಭ್ರಮಪಟ್ಟರೂ ಆಶ್ಚರ್ಯವಿಲ್ಲ. ಪುಸ್ತಕದ ಚಿತ್ರಗಳಲ್ಲಿರುವುದು ಹೆಚ್ಚಾಗಿ ಹೊಸ ಗರಿಯ ಹಕ್ಕಿ. ಬಿಸಿಲು, ಉಪ್ಪು, ಮರಳುಗಳಲ್ಲಿ ತಿಂಗಳುಗಟ್ಟಲೆ ಕಳೆದ ಹಕ್ಕಿಯಲ್ಲ.

ವಯಸ್ಸು ಓದುವುದರಿಂದ ಗುರುತಿಸುವಿಕೆಯ ಆಚೆಗೂ ಒಂದು ಪ್ರಯೋಜನವಿದೆ. ಹಿಂಡಿನಲ್ಲಿ ಮೊದಲ ಚಳಿಗಾಲದ ಹಕ್ಕಿಗಳ ಪಾಲು ಎಷ್ಟೆಂದು ವರ್ಷವರ್ಷವೂ ಎಣಿಸಿದರೆ, ಲಡಾಖಿನಲ್ಲೋ ಟಿಬೆಟ್ಟಿನಲ್ಲೋ ಆ ಬೇಸಿಗೆಯಲ್ಲಿ ಮರಿಗಳು ಎಷ್ಟರಮಟ್ಟಿಗೆ ಉಳಿದವು ಎಂಬುದರ ಸುಳಿವು ಇಲ್ಲಿಂದಲೇ ಸಿಗುತ್ತದೆ. ಎಳೆಯವೂ ಬಲಿತವೂ ಚಳಿಗಾಲವನ್ನು ಬೇರೆ ಬೇರೆ ಕಡೆ ಕಳೆಯುವ ಸಾಧ್ಯತೆ ಇರುವುದರಿಂದ ಒಂದು ಅಳಿವೆಯ ಒಂದು ದಿನದ ಲೆಕ್ಕಕ್ಕೆ ಬೆಲೆಯಿಲ್ಲ. ಅದೇ ಜಾಗ, ಅದೇ ತಿಂಗಳು, ಹಲವು ವರ್ಷ ಎಂಬ ಶಿಸ್ತು ಬೇಕು. ಎಣಿಸುವಾಗ ಕುಳಿತ ಹಿಂಡನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಕೋಪಿನಲ್ಲಿ ಹಾಯುತ್ತ, ಹೊದಿಕೆಗರಿ ಸ್ಪಷ್ಟವಾಗಿ ಕಂಡ ಹಕ್ಕಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಳೆಯ ಹಕ್ಕಿಗಳು ಹಿಂಡಿನ ಅಂಚಿನಲ್ಲಿ ಹೆಚ್ಚಾಗಿ ಕೂತಿರಬಹುದಾದ್ದರಿಂದ ಹತ್ತಿರದ ಅಂಚನ್ನಷ್ಟೇ ಎಣಿಸಿ ಗುಣಿಸುವುದು ಸರಿಯಲ್ಲ.

ಸಭೆಯಲ್ಲಿ ಒಬ್ಬರು ಕೇಳಿದರು: ಇಷ್ಟೆಲ್ಲ ನೋಡಿಯೂ ಹೆಸರು ಸಿಗದಿದ್ದರೆ ಏನು ಬರೆಯುವುದು? ಪಕ್ಷಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ನ ಪಟ್ಟಿಯಲ್ಲಿ ಜಾತಿ ಗೊತ್ತಾಗದ ಗಲ್ ಎಂದೇ ನಮೂದಿಸುವ ಅವಕಾಶವಿದೆ. ಅದನ್ನು ಬಳಸಲು ಸಂಕೋಚ ಬೇಡ. ವಯಸ್ಸಿಗೂ ಅಲ್ಲೊಂದು ಕೋಷ್ಟಕವಿದೆ, ಆದರೆ ಅದರಲ್ಲಿರುವುದು ಮರಿ, ಎಳೆಯದು, ವಯಸ್ಕ, ವಯಸ್ಸು ತಿಳಿಯದ್ದು ಎಂಬ ವಿಭಾಗಗಳು ಮಾತ್ರ. ಮೊದಲ ಚಳಿಗಾಲ, ಎರಡನೆಯ ಚಳಿಗಾಲ ಎಂಬ ಭೇದ ಅದರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಟಿಪ್ಪಣಿಯ ಜಾಗದಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯಿರಿ: ದೊಡ್ಡ ಗಲ್, ಬೆನ್ನಿನಲ್ಲಿ ಬೂದು ಗರಿಗಳು ಅರ್ಧದಷ್ಟು, ಹೊದಿಕೆ ಕಂದು, ಕೊಕ್ಕಿನ ಬುಡ ತಿಳಿ, ಹಾರುಗರಿಯ ತುದಿ ದುಂಡು, ಎರಡನೆಯ ಚಳಿಗಾಲ ಇರಬಹುದು, ರೆಕ್ಕೆ ಬಿಚ್ಚಿದ ಚಿತ್ರ ಸಿಗಲಿಲ್ಲ. ಜೊತೆಗೆ ಕುಳಿತ ಹಕ್ಕಿಯ ಬದಿಚಿತ್ರವನ್ನು, ದೂರದ್ದಾದರೂ ಸರಿ, ಏರಿಸಿ. ಹೊದಿಕೆಗರಿ ಮತ್ತು ಟರ್ಷಿಯಲ್‌ಗಳು ಕಾಣುವ ಚಿತ್ರವಿದ್ದರೆ ಮುಂದೆ ನೋಡುವವರು ಕನಿಷ್ಠ ವಯಸ್ಸನ್ನಾದರೂ ಪರಿಶೀಲಿಸಬಲ್ಲರು.